ಆ ಬೆಂಕಿ ಆಯಿಯ ಕೈಯದಲ್ಲ

ಕಮಲಾಪುರದ ಆ ಅಂಗಳದಲ್ಲಿ ಅವತ್ತು ಬೆಂಕಿ ಹತ್ತಿದ್ದು ನನ್ನಿಂದ. ಶಾಂತಾಬಾಯಿ ಆಯಿಯ ಕೈಯಲ್ಲಿದ್ದ ಆರತಿಯಿಂದಲ್ಲ, ಅವರು ಗಂಡನಿಲ್ಲದವರಾಗಿದ್ದರಿಂದಲ್ಲ, ಯಾರದೋ ದೃಷ್ಟಿಯಿಂದಲೂ ಅಲ್ಲ. ನಾನು ಹಾಕಿದ ಗೇಣುದ್ದದ ಒಂದು ಕೆಂಪು ವೈರಿನಿಂದ. ಇದು ನನಗೆ ಆಮೇಲೆ ತಿಳಿದದ್ದಲ್ಲ. ಉರಿ ಆರುವ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆ. ಬರೀ ಮುಚ್ಚಿಕೊಂಡಿದ್ದರೆ ಆಗುತ್ತಿತ್ತೇನೋ — ಬಾಯಿ ತೆರೆದು ಸುಳ್ಳನ್ನೂ ಹೇಳಿದೆ.

ಹಗಲು ಹೊತ್ತಿನಲ್ಲೇ ಕೋಣೆಯ ಬಾಗಿಲು ಹಾಕಿಕೊಂಡು ಇದನ್ನು ಬರೆಯುತ್ತಿದ್ದೇನೆ. ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯ ಈ ಮನೆಯಲ್ಲಿ ನನ್ನ ಹೆಂಡತಿಗೂ ಇದು ಗೊತ್ತಿಲ್ಲ. ಹೊರಗೆ ಪಾತ್ರೆ ಸದ್ದಾದರೂ ಪೆನ್ನು ನಿಲ್ಲುತ್ತದೆ. ಇಷ್ಟು ವರ್ಷ ಹೀಗೇ ಬದುಕಿದ್ದೇನೆ — ಯಾವ ಸದ್ದಿನಲ್ಲಿ ನನ್ನ ಹೆಸರಿದೆಯೋ ಎಂದು ಕಿವಿ ನೆಟ್ಟಗೆ ಮಾಡಿಕೊಂಡು.

ನನ್ನ ಹೆಸರು ಮಲ್ಲಪ್ಪ. ನಮ್ಮ ವಂಶದಲ್ಲಿ ಡಿಗ್ರಿ ಕಂಡ ಮೊದಲನೆಯವನು ನಾನು. ಅಪ್ಪ ಕಮಲಾಪುರದಲ್ಲಿ ಆಯಿಯ ಮನೆಯ ಕೆಂಪು ಬಾಳೆಯ ತೋಟದಲ್ಲಿ ದುಡಿಯುತ್ತಿದ್ದ. ನಾನು ಶಾಲೆ ಬಿಟ್ಟು ಅಪ್ಪನ ಹಿಂದೆ ತೋಟಕ್ಕೆ ಹೋದ ದಿನ ಆಯಿ ನನ್ನ ಕೈಯಿಂದ ಕುಡುಗೋಲು ಕಸಿದುಕೊಂಡು ಅಪ್ಪನಿಗೆ ಬೈದಿದ್ದರು. ಮರುದಿನದಿಂದ ನಾನು ಅವರ ಮನೆಯ ಪಡಸಾಲೆಯಲ್ಲಿ ಕೂತು ಓದಿದೆ, ಅವರ ಮನೆಯ ರೊಟ್ಟಿ ತಿಂದೆ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿ ಕರಿ ಗೌನಿನಲ್ಲಿ ತೆಗೆಸಿಕೊಂಡ ಫೋಟೊ ನಮ್ಮ ಮನೆಗಿಂತ ಮೊದಲು ಅವರ ಗೋಡೆಯ ಮೇಲೆ ಏರಿತು. ಇದನ್ನೆಲ್ಲ ಕನಿಕರಕ್ಕಾಗಿ ಹೇಳುತ್ತಿಲ್ಲ. ಯಾರ ಕೈಗೆ ನಾನು ಕಳಂಕ ಹಚ್ಚಿದೆ ಎಂಬುದು ಓದುವವರಿಗೆ ತಿಳಿಯಲಿ ಎಂದು ಹೇಳುತ್ತಿದ್ದೇನೆ.

ಆ ಮನೆಯಲ್ಲಿ ಒಂದು ಹಳೆಯ ಕಾರು ಇತ್ತು. ಆಯಿಯ ಮಾವ ಹೈದರಾಬಾದಿನಿಂದ ತಂದದ್ದಂತೆ — ಉದ್ದ ಮೂತಿಯ ಪರದೇಶಿ ಗಾಡಿ, ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಆಯಿಯ ಗಂಡ ಬದುಕಿರುವ ತನಕ ಅದು ನಡೆಯಿತು. ಅವರು ಹೋದ ಮೇಲೆ ಷೆಡ್ಡಿನಲ್ಲಿ ನಿಂತಿತು, ಕೋಳಿಗಳು ಅದರಲ್ಲಿ ಮೊಟ್ಟೆ ಇಟ್ಟವು. ನಾನು ಕಲಬುರಗಿ ಪಕ್ಕದ ಕೋಟನೂರಿನಲ್ಲಿ ಒಂದು ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದಾಗ ಆಯಿ ಒಂದು ದಿನ ಕರೆಸಿ, ಅದನ್ನು ಒಮ್ಮೆ ನಡೆಸಿ ತೋರಿಸಲು ಆಗುತ್ತದೆಯೇ ಎಂದು ಕೇಳಿದರು. ಅವರ ಮಗ ಶರಣಪ್ಪ — ನಾನು ಶರಣಣ್ಣ ಅನ್ನುತ್ತೇನೆ — ನಕ್ಕು, ‘ಅದರ ಬದಲಿ ಒಂದು ಎತ್ತಿನ ಬಂಡಿ ಮಾಡ್ಸಬೇ ಅವ್ವ, ಪೆಟ್ರೋಲರ ಉಳೀತದ’ ಎಂದ. ಆಯಿ ನಗಲಿಲ್ಲ. ನನ್ನ ಕಡೆಗೇ ನೋಡುತ್ತಿದ್ದರು.

ಎಂಜಿನ್ನಿನ ಮೈ ಗಟ್ಟಿಯಿತ್ತು. ಹೋಗಿದ್ದದ್ದು ಕಾರ್ಬೊರೇಟರು. ಗಾಳಿಗೆ ಪೆಟ್ರೋಲು ಬೆರೆಸಿ ಒಳಗೆ ಕಳಿಸುವ ಆ ಭಾಗ ಸವೆದು ಸಡಿಲಾಗಿತ್ತು, ಅದರ ಸಾಮಾನು ಎಲ್ಲಿಯೂ ಸಿಗುತ್ತಿರಲಿಲ್ಲ. ಬೇರೆಯವರಾಗಿದ್ದರೆ ಯಾವುದೋ ಒಂದು ಕಾರ್ಬೊರೇಟರು ಕೂಡಿಸಿ ಒಂದು ಸುತ್ತು ಓಡಿಸಿ ತೋರಿಸುತ್ತಿದ್ದರು. ನಾನು ಹಾಗೆ ಮಾಡಲಿಲ್ಲ. ನಾನು ಓದಿದವನಲ್ಲವೇ — ಅದಕ್ಕೆ ಇಂಜೆಕ್ಷನ್ ಹಾಕುತ್ತೇನೆ ಎಂದೆ. ಹೊಸ ಗಾಡಿಗಳಲ್ಲಿ ಇರುವಂಥದ್ದು: ಟ್ಯಾಂಕಿನ ಹತ್ತಿರ ಕರೆಂಟಿನ ಪಂಪು, ಆರು ಸಿಲಿಂಡರಿಗೆ ಆರು ಇಂಜೆಕ್ಟರು, ಯಾವ ಗಳಿಗೆಗೆ ಎಷ್ಟು ಪೆಟ್ರೋಲು ಸಿಂಪಡಿಸಬೇಕೆಂದು ಲೆಕ್ಕ ಹಾಕುವ ಒಂದು ಕಂಪ್ಯೂಟರ್ ಡಬ್ಬಿ. ಹಗಲೆಲ್ಲ ವರ್ಕ್‌ಶಾಪಿನ ಕೆಲಸ, ರಜೆಯ ದಿನ ಇದು. ತಿಂಗಳುಗಟ್ಟಲೆ ಹಿಡಿಯಿತು. ಮೊದಲ ಸಲ ಆ ಆರೂ ಸಿಲಿಂಡರು ಒಂದೇ ಉಸಿರಿನಲ್ಲಿ ಗುನುಗಿದಾಗ ನಾನು ಗಾಡಿಯ ಮೂತಿಯ ಮೇಲೆ ಅಂಗೈ ಇಟ್ಟುಕೊಂಡು ನಿಂತುಬಿಟ್ಟೆ. ನನ್ನ ಜೀವಮಾನದಲ್ಲಿ ಅಂಥ ಸೊಕ್ಕು ನನಗೆ ಇನ್ಯಾವತ್ತೂ ಬಂದಿಲ್ಲ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು, ಏಕೆಂದರೆ ನನ್ನ ತಪ್ಪು ಇರುವುದು ಇಲ್ಲೇ. ಇಂಜೆಕ್ಷನ್ನಿನ ಪಂಪು ಹಳೆಯ ಪಂಪಿಗಿಂತ ಎಷ್ಟೋ ಪಟ್ಟು ಜೋರಾಗಿ ಪೆಟ್ರೋಲನ್ನು ಒತ್ತುತ್ತದೆ. ಹಾಗಾಗಿ ಅದಕ್ಕೊಂದು ಲಗಾಮು ಇರಲೇಬೇಕು. ಎಂಜಿನ್ ತಿರುಗುತ್ತಿದ್ದರೆ ಮಾತ್ರ ಪಂಪು ನಡೆಯಬೇಕು. ಎಂಜಿನ್ ನಿಂತರೆ, ಕೀಲಿ ಆನ್ ಇದ್ದರೂ, ಕಂಪ್ಯೂಟರು ಪಂಪಿನ ಕರೆಂಟು ಕಡಿಯಬೇಕು. ಅದನ್ನು ಕಡಿಯುವ ಸ್ವಿಚ್ಚಿಗೆ ರಿಲೇ ಅನ್ನುತ್ತಾರೆ. ಇಲ್ಲದಿದ್ದರೆ ಎಲ್ಲಾದರೂ ಒಂದು ಪೈಪು ಬಿಚ್ಚಿಕೊಂಡರೆ ಪಂಪು ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲು ಸುರಿಯುತ್ತಲೇ ಇರುತ್ತದೆ. ಇದು ನನಗೆ ಗೊತ್ತಿರಲಿಲ್ಲ ಎಂದು ನಾನು ಹೇಳಲಾರೆ. ವರ್ಕ್‌ಶಾಪಿನಲ್ಲಿ ಬೇರೆಯವರಿಗೆ ಇದನ್ನು ಹೇಳಿಕೊಡುತ್ತಿದ್ದವನೇ ನಾನು.

ಗಾಡಿ ಒಪ್ಪಿಸುವ ದಿನ ಕೋಟನೂರಿನಿಂದ ನಾನೊಬ್ಬನೇ ಓಡಿಸಿಕೊಂಡು ಹೊರಟೆ. ಕಮಲಾಪುರದಲ್ಲಿ ಪೂಜೆಗೆ ಸಿದ್ಧ ಮಾಡಿಕೊಂಡು ಕಾಯುತ್ತಿದ್ದರು. ಮಹಾಗಾಂವ ಕ್ರಾಸಿನ ಹತ್ತಿರ ಎಂಜಿನ್ ಕೆಮ್ಮಿ ನಿಂತಿತು. ಬಾನೆಟ್ ಎತ್ತಿ ನೋಡಿದರೆ ರಿಲೇ ಪಟಪಟ ಬಡಿದುಕೊಳ್ಳುತ್ತಿದೆ — ಪಂಪಿಗೆ ಕರೆಂಟು ಹೋಗಿ ಬಂದು ಮಾಡುತ್ತಿದೆ. ಎಲ್ಲಿಯೋ ಕಂಪ್ಯೂಟರಿನ ತಂತಿ ಸಡಿಲಾಗಿತ್ತು. ಹುಡುಕಲು ಹೊತ್ತು ಬೇಕು. ಶರಣಣ್ಣನ ಫೋನು ಮೇಲಿಂದ ಮೇಲೆ — ‘ಎಲ್ಲಿದ್ದೀಯೋ ಸಾಹೇಬ, ಕಾಯಿ ಒಡಿಯವರು ಕೈ ಎತ್ತಿಕೊಂಡೇ ನಿಂತಾರ.’ ದಾರಿಯಲ್ಲಿ ಹೋಗುವ ಟಂಟಂ ಆಟೊದವರು ನಿಲ್ಲಿಸಿ ನಗುತ್ತಿದ್ದರು. ನಾನು ಚೀಲದಿಂದ ಒಂದು ಕೆಂಪು ವೈರಿನ ತುಂಡು ತೆಗೆದು ರಿಲೇಯ ಎರಡು ಕಾಲುಗಳನ್ನು ಜೋಡಿಸಿಬಿಟ್ಟೆ. ಲಗಾಮು ಕಳಚಿತು. ಈಗ ಕೀಲಿ ಆನ್ ಇದ್ದಷ್ಟು ಹೊತ್ತೂ ಪಂಪು ನಡೆಯುತ್ತದೆ, ಎಂಜಿನ್ ತಿರುಗಲಿ ಬಿಡಲಿ. ಇಂಜೆಕ್ಟರುಗಳ ಕಡೆಗೆ ಹೋಗುವ ಪೈಪಿನಲ್ಲಿ ಒಂದು ತುಂಡು ಹಳೆಯ ರಬ್ಬರಿನದೇ ಉಳಿದಿತ್ತು — ಅಷ್ಟು ಒತ್ತಡ ತಾಳುವಂಥದ್ದಲ್ಲ, ಬದಲಿಸಬೇಕೆಂದುಕೊಂಡಿದ್ದೆ — ಅದೂ ನೆನಪಾಯಿತು. ಪೂಜೆ ಒಂದು ಮುಗಿಯಲಿ, ನಾಳೆ ಎಲ್ಲ ಸರಿ ಮಾಡಿದರಾಯಿತು ಎಂದುಕೊಂಡೆ.

ಅಂಗಳಕ್ಕೆ ಹಾರನ್ ಹೊಡೆಯುತ್ತ ಬಂದೆ. ಮಂದಿ ಸೇರಿದ್ದರು. ನಮ್ಮ ಕಡೆ ಗಾಡಿ ಪೂಜೆ ಎಂದರೆ ಬರೀ ಗಾಲಿಗೆ ನಿಂಬೆಹಣ್ಣು ಇಡುವುದಲ್ಲ; ಬಾನೆಟ್ ತೆಗೆದು ಎಂಜಿನ್ನಿಗೇ ವಿಭೂತಿ, ಕುಂಕುಮ, ಹೂವು ಏರಿಸಿ ಕರ್ಪೂರದ ಆರತಿ ಎತ್ತುತ್ತೇವೆ. ನಾನು ಎಂಜಿನ್ ನಿಲ್ಲಿಸಿದೆ. ಕೀಲಿ ಮಾತ್ರ ಆನ್ ಬಿಟ್ಟೆ. ಯಾಕೆಂದರೆ — ಇದನ್ನು ಬರೆಯಲು ನಾಚಿಕೆಯಾಗುತ್ತದೆ — ಒಳಗೆ ನಾನು ಕೂಡಿಸಿದ್ದ ಮೀಟರಿನ ಹಸಿರು ಅಂಕಿಗಳು ಹೊಳೆಯುತ್ತಿದ್ದವು. ಮಂದಿ ಇಣುಕಿ ನೋಡಲಿ ಎಂದು ಬಿಟ್ಟೆ.

ಆರತಿ ತಟ್ಟೆ ಹಿಡಿದು ಬಂದದ್ದು ಶರಣಣ್ಣನ ಹೆಂಡತಿ ಸುವರ್ಣಾ ವೈನಿ. ನಾನು ತಡೆದೆ. ಇದು ಆಯಿಯ ಗಾಡಿ, ಆಯಿಯೇ ಆರತಿ ಮಾಡಬೇಕು ಎಂದೆ. ಆಯಿ ಬಾಗಿಲ ಮರೆಗೆ ಸರಿದು, ‘ನನ್ನ ಕೈ ಬ್ಯಾಡಪ ಮಲ್ಲ್ಯಾ, ಮುತ್ತೈದೇರು ಮಾಡ್ಲಿ’ ಎಂದರು. ನಾನು ನಾಲ್ಕು ಮಂದಿಗೆ ಕೇಳುವಂತೆ ಹೇಳಿದೆ:

‘ಅವೆಲ್ಲ ಹಳೇ ಮಾತ್ರೀ ಆಯಿ. ನಿಮ್ಮ ಕೈಯಿಂದ ಏನಾಗ್ತದ ನಾ ನೋಡ್ತೀನಿ.’

ಆ ಮಾತು ತಪ್ಪಲ್ಲ, ಇವತ್ತಿಗೂ ತಪ್ಪಲ್ಲ. ಆದರೆ ಅದನ್ನು ಆಡಿದವನು ಒಳಗೆ ಒಂದು ಕೆಂಪು ವೈರು ಬಚ್ಚಿಟ್ಟುಕೊಂಡಿದ್ದ. ಆಯಿ ನನ್ನ ಮುಖ ನೋಡಿ ತಟ್ಟೆ ತೆಗೆದುಕೊಂಡರು. ನನ್ನನ್ನು ನಂಬಿ ತೆಗೆದುಕೊಂಡರು.

ಆಗ ನನಗೆ ಪಂಪಿನ ಸದ್ದು ಕೇಳಿಸಿತು. ಎಂಜಿನ್ ನಿಂತಿದೆ, ಆದರೂ ಹಿಂದೆ ಗುಂಯ್ ಎನ್ನುತ್ತಿದೆ. ಪೆಟ್ರೋಲಿನ ವಾಸನೆಯೂ ಬಂತು — ಹೂವಿನ, ಊದಿನಕಡ್ಡಿಯ ವಾಸನೆಯ ನಡುವೆ, ತೆಳ್ಳಗೆ. ಹಳೆಯ ರಬ್ಬರಿನ ಪೈಪು ಸೋರತೊಡಗಿತ್ತು. ಕೀಲಿ ನನ್ನಿಂದ ಒಂದು ಮೊಳ ದೂರ. ಕೈ ಚಾಚಿ ತಿರುಗಿಸಿದ್ದರೆ ಮುಗಿಯುತ್ತಿತ್ತು. ಆದರೆ ಹಸಿರು ಅಂಕಿಗಳು ಆರುತ್ತಿದ್ದವು, ಯಾಕೆ ಆರಿದವು ಎಂದು ಯಾರಾದರೂ ಕೇಳುತ್ತಿದ್ದರು... ಎರಡು ನಿಮಿಷದ ಮಾತು ಎಂದುಕೊಂಡೆ. ಆಯಿ ತಟ್ಟೆಯನ್ನು ಎಂಜಿನ್ನಿನ ಮುಂದೆ ಒಂದು ಸುತ್ತು ತಂದರು. ಎರಡನೆಯ ಸುತ್ತು ಮುಗಿಯಲಿಲ್ಲ.

ಭುಸ್ ಎಂದ ಸದ್ದು ಮಾತ್ರ ನೆನಪಿದೆ. ಬಾನೆಟ್ಟಿನ ಒಳಗಿಂದ ಉರಿ ಆಯಿಯ ಬಲಗೈಯನ್ನು ನುಂಗಿತು. ಶರಣಣ್ಣ ಹಾರಿ ಅವ್ವನನ್ನು ಎಳೆದ. ಅವನ ಎಡಗಡೆಯ ಕಿವಿ, ಕುತ್ತಿಗೆ ಸುಟ್ಟಿತು. ನಾನು ಮೊದಲು ನುಗ್ಗಿದ್ದು ಎಲ್ಲಿಗೆ ಗೊತ್ತೇ? ಆಯಿಯ ಹತ್ತಿರ ಅಲ್ಲ. ಕೀಲಿಯ ಹತ್ತಿರ. ಕೀಲಿ ತಿರುಗಿಸಿದೆ, ಪಂಪು ನಿಂತಿತು. ಮಂದಿ ಉಸುಕು, ಹಸಿ ಗೋಣಿಚೀಲ ಹಾಕಿ ಉರಿ ಆರಿಸಿದರು. ಇಬ್ಬರನ್ನೂ ಕಲಬುರಗಿಯ ದವಾಖಾನೆಗೆ ಒಯ್ದರು. ಅಂಗಳ ಬರಿದಾದ ಮೇಲೆ, ಗಾಡಿ ನೋಡುತ್ತೇನೆ ಎಂಬ ನೆಪದಲ್ಲಿ ಉಳಿದು, ಕಟಿಂಗ್ ಪ್ಲೇಯರಿನಿಂದ ಆ ವೈರು ಕಡಿದು ಜೇಬಿಗೆ ಹಾಕಿಕೊಂಡೆ. ಅರ್ಧ ಕರಗಿತ್ತು. ಜೇಬಿನಲ್ಲಿ ಇನ್ನೂ ಬಿಸಿಯಿತ್ತು.

ದವಾಖಾನೆಯಲ್ಲಿ ಶರಣಣ್ಣ ಕುತ್ತಿಗೆಗೆ ಪಟ್ಟಿ ಸುತ್ತಿಸಿಕೊಂಡು ಮಲಗಿದ್ದ. ಬಳಗದ ಹಿರಿಯ ಹೆಂಗಸರು ಗೋಡೆಗೆ ಒರಗಿ ಕೂತು, ಗಂಡನಿಲ್ಲದವಳ ಕೈಗೆ ಆರತಿ ಕೊಟ್ಟರೆ ಇನ್ನೇನಾಗುತ್ತದೆ ಎಂದು ಪಿಸುಗುಡುತ್ತಿದ್ದರು. ಶರಣಣ್ಣ ಅದನ್ನು ನಂಬುವ ಮನುಷ್ಯನಲ್ಲ. ನನ್ನನ್ನು ಹತ್ತಿರ ಕರೆದು ಕೇಳಿದ:

‘ಮಲ್ಲು, ಖರೇ ಹೇಳು. ಗಾಡ್ಯಾಗ ಏನರ ಆಗಿತ್ತೇನು?’

ಅವನು ನನಗೆ ಬಾಗಿಲು ತೆರೆದುಕೊಟ್ಟಿದ್ದ. ನಾನು ಹೇಳಿದೆ:

‘ಗಾಡಿ ಸರಿ ಇತ್ತಣ್ಣ. ಆಯಿ ಕೈ ನಡುಗಿ ಕರ್ಪೂರ ಒಳಗ ಬಿತ್ತು ಅನಸ್ತದ.’

ಇದೇ ನನ್ನ ಸುಳ್ಳು. ಕರ್ಪೂರ ಬಿದ್ದಿರಲಿಲ್ಲ. ಆಯಿಯ ಕೈ ನಡುಗಿರಲಿಲ್ಲ. ನಡುಗುತ್ತಿದ್ದದ್ದು ನಾನು. ಕೂಲಿಯವನ ಮಗ ಓದಿ ಏನು ಕಿಸಿದ ಎಂದು ಊರು ಕೇಳುತ್ತದೆಂಬ ಹೆದರಿಕೆ, ಪೊಲೀಸರ ಹೆದರಿಕೆ, ಕೈಗೆ ಬಂದ ಕೆಲಸ ಹೋದೀತೆಂಬ ಹೆದರಿಕೆ — ಎಲ್ಲ ಸೇರಿ ನನ್ನ ಬಾಯಿಂದ ಆ ಮಾತು ಹೊರಟಿತು. ಗೋಡೆಗೆ ಕೂತ ಹೆಂಗಸರಿಗೆ ಅಷ್ಟು ಸಾಕಾಗಿತ್ತು. ಹಳೇ ಮಾತು ಎಂದು ಅಂಗಳದಲ್ಲಿ ಹಳಿದವನೇ ಆ ಹಳೇ ಮಾತಿನ ಮರೆಗೆ ಹೋಗಿ ಅಡಗಿ ಕೂತೆ.

ಆಮೇಲೆ ಆಯಿಯ ಬಲಗೈಯ ಬೆರಳುಗಳು ಒಂದಕ್ಕೊಂದು ಅಂಟಿಕೊಂಡು ಮಡಚಿಹೋದವು. ಕೈಗಿಂತ ಹೆಚ್ಚಾಗಿ ಮಡಚಿಹೋದದ್ದು ಅವರೇ. ತೊಟ್ಟಿಲು, ಮದುವೆ, ಹೊಸ ಮನೆ — ಎಲ್ಲಿಯೂ ಮುಂದೆ ಬರುವುದನ್ನು ಬಿಟ್ಟರು. ಕೂಸುಗಳ ತಲೆ ಮುಟ್ಟುವುದನ್ನೂ ಬಿಟ್ಟರು. ಮಂದಿ ಒಳ್ಳೆಯ ಮಾತಿನಲ್ಲೇ ಅವರನ್ನು ಹಿಂದಕ್ಕೆ ಸರಿಸಿದರು, ಅವರು ಇನ್ನಷ್ಟು ಹಿಂದಕ್ಕೆ ಸರಿದು ಕೂತರು.

ನಾನು? ನಾನು ಬೆಳೆದೆ. ರಿಂಗ್ ರೋಡಿನಲ್ಲಿ ಸ್ವಂತ ವರ್ಕ್‌ಶಾಪು ಹಾಕಿದೆ. ಹಳೆಯ ಎಂಜಿನ್ನುಗಳಿಗೆ ಇಂಜೆಕ್ಷನ್ ಕೂಡಿಸುವವನು ಎಂದು ಹೆಸರಾಯಿತು. ಯಾವ ಗಾಡಿಯನ್ನೂ ರಿಲೇ ಮೂರು ಸಲ ಪರೀಕ್ಷಿಸದೆ ಬಿಡುವುದಿಲ್ಲ; ಬಹಳ ಕಟ್ಟುನಿಟ್ಟಿನ ಮನುಷ್ಯ ಎನ್ನುತ್ತಾರೆ. ಅದು ಕಟ್ಟುನಿಟ್ಟಲ್ಲ, ಅಂಜಿಕೆ. ಶರಣಣ್ಣನ ಫೋನು ಬಂದರೆ ಮೊದಲ ರಿಂಗಿಗೆ ಎತ್ತುತ್ತೇನೆ — ಪ್ರೀತಿಯಿಂದಲ್ಲ, ಗೊತ್ತಾಯಿತೇನೋ ಎಂಬ ಭಯದಿಂದ. ಸುಟ್ಟ ಗಾಡಿಯನ್ನು ಗುಜರಿಯವರು ಬಿಚ್ಚುವ ದಿನ ನಾನೇ ಮುಂದೆ ನಿಂತು ಬಿಚ್ಚಿಸಿದೆ. ಪ್ರತಿ ತಿರುಪು ಹೊರಬಂದಾಗಲೂ ರಿಲೇಯ ಕಾಲಿಗೆ ಅಂಟಿದ ಕೆಂಪು ಚೂರು ಯಾರ ಕಣ್ಣಿಗಾದರೂ ಬಿದ್ದೀತೇ ಎಂದು ನೋಡುತ್ತಿದ್ದೆ. ಯಾರ ಮನೆಯಲ್ಲಿ ಕರ್ಪೂರ ಹಚ್ಚಿದರೂ ಹೊರಗೆ ಬಂದು ನಿಲ್ಲುತ್ತೇನೆ. ಶರಣಣ್ಣನ ಜತೆ ಎಲ್ಲೇ ಹೋದರೂ ಅವನ ಬಲಗಡೆಗೆ ನಿಲ್ಲುತ್ತೇನೆ, ಬಲಗಡೆಗೇ ಕೂರುತ್ತೇನೆ. ಎಡಗಡೆ ಆ ಕಿವಿ ಇದೆ. ಅವನು ಇದನ್ನು ಇಲ್ಲಿಯವರೆಗೆ ಗಮನಿಸಿಲ್ಲ ಅಂದುಕೊಂಡಿದ್ದೇನೆ.

ಹೀಗೇ ಸಾಯುವವರೆಗೆ ನಡೆಯುತ್ತಿತ್ತು. ಶರಣಣ್ಣನ ಮಗಳು ಪಲ್ಲವಿ ಫೋನು ಮಾಡದಿದ್ದರೆ.

ಪಲ್ಲವಿಗೆ ಈಗ ಏಳು ತಿಂಗಳು. ತವರಿನಲ್ಲಿ ಕುಬಸ ಇಟ್ಟುಕೊಂಡಿದ್ದಾರೆ — ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ಇಡಿಸಿ, ಉಡಿ ತುಂಬಿ ಆರತಿ ಮಾಡುವ ಕಾರ್ಯ. ಮೊದಲ ಆರತಿ ಆಯಿಯದೇ ಆಗಬೇಕೆಂದು ಅವಳ ಹಟ. ಆಯಿ ಒಲ್ಲೆ ಎನ್ನುತ್ತಿದ್ದಾರೆ. ಬರೀ ಒಲ್ಲೆ ಅಲ್ಲ, ಅವತ್ತು ಊರಲ್ಲೇ ಇರುವುದಿಲ್ಲ ಎನ್ನುತ್ತಿದ್ದಾರೆ. ಪಲ್ಲವಿಗೆ ಹೋದ ವರ್ಷ ಒಂದು ಬಸುರು ನಿಲ್ಲದೆ ಹೋಗಿತ್ತು. ಮದುವೆಯ ದಿನ ಒಳಗೆ ಬಂದು ಕಾಲಿಗೆ ಬಿದ್ದ ಅವಳ ತಲೆಯ ಮೇಲೆ ತಾನು ಮರೆತು ಕೈ ಇಟ್ಟಿದ್ದೇ ಅದಕ್ಕೆ ಕಾರಣ ಎಂದು ಆಯಿ ಇಷ್ಟು ದಿನ ಒಳಗೇ ಸುಟ್ಟುಕೊಂಡಿದ್ದರಂತೆ.

‘ಕಾಕಾ, ನೀವೇ ಹೇಳ್ರಿ ಆಯಿಗೆ,’ ಎಂದಳು ಪಲ್ಲವಿ. ‘ಓದಿದವರ ಮಾತು ಅಂದ್ರ ನಿಮ್ದೊಂದೇ ಕೇಳ್ತಾಳ ಆಕಿ.’

ನನ್ನ ಸುಳ್ಳು ಒಂದು ಕೈಯನ್ನಷ್ಟೇ ಸುಟ್ಟಿದೆ ಎಂದುಕೊಂಡಿದ್ದೆ. ಅದು ಇನ್ನೂ ಹುಟ್ಟದ ಕೂಸಿನ ತನಕ ಹೋಗಿ ಮುಟ್ಟಿತ್ತು.

ಮೊನ್ನೆ ಮಧ್ಯಾಹ್ನ ಕಮಲಾಪುರಕ್ಕೆ ಹೋದೆ. ಮನೆಯಲ್ಲಿ ಆಯಿ ಒಬ್ಬರೇ ಇದ್ದರು. ಪಡಸಾಲೆಯಲ್ಲಿ ಕಾಲು ಚಾಚಿ ಕೂತು, ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಎಡಗೈಯಿಂದ ತೊಗರಿ ಬೇಳೆ ಹಸನು ಮಾಡುತ್ತಿದ್ದರು. ಬಲಗೈ ಸೆರಗಿನೊಳಗಿತ್ತು. ಮೇಲೆ ಗೋಡೆಯಲ್ಲಿ ನನ್ನ ಗೌನಿನ ಫೋಟೊ. ನಾನು ನೆಲಕ್ಕೆ ಕೂತು, ಆ ಬೆಂಕಿ ಹತ್ತಿದ್ದು ನಿಮ್ಮಿಂದಲ್ಲ, ನನ್ನಿಂದ ಎಂದೆ. ಅವರು ಬೇಳೆಯಿಂದ ಕಣ್ಣೆತ್ತಲಿಲ್ಲ.

‘ಪಲ್ಲಿ ಕಳಿಸ್ಯಾಳಲ್ಲ ನಿನ್ನ? ಸಮಾಧಾನ ಮಾಡಾಕ ಬಂದೀಯೇನು? ಬಿಡಪ.’

ನಾನು ಜೇಬಿನಿಂದ ಆ ವೈರು ತೆಗೆದು ಮೊರದಲ್ಲಿ, ಬೇಳೆಯ ಮೇಲೆ ಇಟ್ಟೆ. ಆಮೇಲೆ ಎಲ್ಲ ಹೇಳಿದೆ. ಮಹಾಗಾಂವ ಕ್ರಾಸು, ಪಂಪಿನ ಸದ್ದು, ವಾಸನೆ, ತಿರುಗಿಸದ ಕೀಲಿ, ದವಾಖಾನೆಯ ಮಾತು. ಹೇಳುವಾಗ ಕೆಮ್ಮು ಬಂದು ಎರಡು ಸಲ ನಿಂತೆ. ನೀರು ಕುಡಿ ಎಂದು ಅವರು ಅನ್ನಲಿಲ್ಲ. ಆ ಮನೆಯಲ್ಲಿ ನನಗೆ ಅಂಥದ್ದು ಅದೇ ಮೊದಲು. ಮುಗಿದ ಮೇಲೆ ಎಡಗೈಯಿಂದ ವೈರು ಎತ್ತಿ ನೋಡಿದರು.

‘ಇದು ಅವತ್ತಿಂದ ನಿನ್ನ ಕಡೇನೇ ಅದ?’

‘ಹೌದ್ರಿ.’

‘ಹಂಗಾದ್ರ ಮರ್ತಿದ್ದಿಲ್ಲ ನೀ.’

ಅವರು ಸೆರಗಿನಿಂದ ಬಲಗೈ ಹೊರತೆಗೆದು, ಅಪರಿಚಿತ ವಸ್ತುವಿನಂತೆ ಹೊರಳಿಸಿ ನೋಡಿಕೊಂಡರು. ಆಮೇಲೆ ಹೇಳಿದರು:

‘ಪಲ್ಲಿ ಮದುವ್ಯಾಗ ನಾ ಹಿಂದಿನ ಕೋಣ್ಯಾಗ ಕೂತಿದ್ದೆ. ಊಟದ ತಾಟು ನೀನೇ ತಂದು ಕೊಟ್ಟಿದ್ದಿ.’

ಹೌದು. ನಾನೇ ಕೊಟ್ಟಿದ್ದೆ. ಹೊಟ್ಟೆ ತುಂಬ ಉಣ್ಣಿರಿ ಆಯಿ ಎಂದೂ ಹೇಳಿದ್ದೆ.

ಅವರ ಕಾಲಿಗೆ ಬೀಳಲು ಬಾಗಿದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು. ಸಿಟ್ಟಿನಿಂದ ಅಲ್ಲ, ಇನ್ನೂ ಕೆಲಸ ಮುಗಿದಿಲ್ಲ ಎನ್ನುವವರ ಹಾಗೆ.

‘ನನಗ ಹೇಳೋದು ಸಲೀಸದ, ಮಲ್ಲ್ಯಾ. ನಾ ನಿನಗ ಉಣಿಸಿದಾಕಿ, ಬೈದ್ರೂ ಎಷ್ಟು ಬೈದೇನು. ನಾ ಆರತಿ ಯಾಕ ಮುಟ್ಟಲ್ಲ ಅಂತ ಊರಿಗೆಲ್ಲ ಗೊತ್ತದ. ನಾ ಮುಟ್ಟಿದ್ರ, ಯಾಕ ಮುಟ್ಟಿದೆ ಅಂತನೂ ಗೊತ್ತಾಗ್ಬೇಕು.’

ಇಷ್ಟು ಹೇಳಿ ವೈರನ್ನು ನನ್ನ ಕೈಗೆ ವಾಪಸು ಕೊಟ್ಟರು. ಕುಬಸದ ದಿನ ಬರುವಾಗ ಇದನ್ನು ತಗೊಂಡು ಬಾ ಎಂದರು. ಮತ್ತೆ ಬೇಳೆಗೆ ಕೈ ಹಾಕಿದರು.

ಕುಬಸ ನಾಳೆ. ಅವತ್ತು ಗಾಡಿ ನಿಂತಿದ್ದ ಜಾಗದಲ್ಲೇ ಪೆಂಡಾಲು ಹಾಕಿದ್ದಾರೆ. ಗೋಡೆಗೆ ಕೂತು ಪಿಸುಗುಟ್ಟಿದ ಹೆಂಗಸರಲ್ಲಿ ಉಳಿದವರೆಲ್ಲ ಬರುತ್ತಾರೆ. ನನ್ನ ಹೆಂಡತಿ ಬರುತ್ತಾಳೆ, ನನ್ನ ವರ್ಕ್‌ಶಾಪಿಗೆ ಗಾಡಿ ಕೊಡುವ ಮಂದಿ ಬರುತ್ತಾರೆ. ನಮ್ಮೂರ ಇಂಜಿನಿಯರು ಎಂದು ನನ್ನನ್ನು ಮುಂದಿನ ಕುರ್ಚಿಗೆ ಕರೆಯುತ್ತಾರೆ. ಅದೆಲ್ಲ ಹೋಗುತ್ತದೆ, ಹೋಗಬೇಕಾದದ್ದೇ. ಶರಣಣ್ಣ ಹೊಡೆಯಬಹುದು. ಹೊಡೆಯದೆ ಸುಮ್ಮನೆ ನೋಡಬಹುದು — ನನಗೆ ಹೆಚ್ಚು ಭಯ ಅದರದೇ. ಅಲ್ಲಿ ಮಾತು ಅರ್ಧಕ್ಕೆ ನಿಂತರೆ ಎಂದು ಹೆದರಿ ಇಷ್ಟನ್ನೂ ಬರೆದಿದ್ದೇನೆ. ಬರೆದ ಮೇಲೆ ತಿರುಗಿ ನುಂಗಲು ಬರುವುದಿಲ್ಲ. ಇದನ್ನು ಓದಿದವರೆಲ್ಲ ಸಾಕ್ಷಿ.

ಆಯಿ ನಾಳೆ ಆರತಿ ಹಿಡಿಯುತ್ತಾರೋ ಬಿಡುತ್ತಾರೋ, ಕೇಳುವ ಹಕ್ಕು ನನಗಿಲ್ಲ. ಆರತಿಯ ತಟ್ಟೆ ಹೊರಬರುವ ಮೊದಲು ನಾನು ಎದ್ದು ನಿಂತು ಎಲ್ಲರೆದುರು ಇದನ್ನು ಹೇಳಬೇಕು. ವೈರು ಅಂಗಿಯ ಜೇಬಿನಲ್ಲಿದೆ. ಶರಣಣ್ಣ ಎಲ್ಲಿ ಕೂತಿರುತ್ತಾನೋ ಅಲ್ಲಿಗೇ ಹೋಗುತ್ತೇನೆ. ಈ ಸಲ ಅವನ ಎಡಗಡೆಗೆ ನಿಲ್ಲುತ್ತೇನೆ.